ಎರಡನೇ ಬೇಸಿನಲ್ಲಿ ಯಾರೂ ಇರಲಿಲ್ಲ

"ಎತ್ತಬೇಡಿ, ಎತ್ತಬೇಡಿ! ಐದೇ ಜನ ಇದ್ದೀವಿ!" ಎಂದು ಗಸ್ಟಿ ಚರ್ಚಿನ ಮೆಟ್ಟಿಲಿನಿಂದ ಕೂಗಿದಾಗ ಎಮಿಲ್ ಹವ್ರಿಲಾನ ಪೆಟ್ಟಿಗೆ ಶವವಾಹನದಿಂದ ಅರ್ಧ ಹೊರಗೆ ಬಂದಿತ್ತು. ಹೊರಲು ಆರು ಜನ ಬೇಕು. ಆರನೆಯವನು ಕೆಂಟಕಿಯಿಂದ ಬರಬೇಕಿತ್ತು.

"ಬರ್ತಾನೆ ಬಿಡ್ರೋ. ಮೂವತ್ತೇಳು ವರ್ಷದ ಹಿಂದೆ ಎಸೆದ ಚೆಂಡು ಇನ್ನೂ ಹುಡುಕ್ತಿರ್ಬೇಕು," ಎಂದ ಗಸ್ಟಿ. ಅವನು ಸತ್ತವನ ಸ್ವಂತ ತಮ್ಮ. ಅತ್ತು ಅತ್ತು ಕಣ್ಣು ಕೆಂಪಾಗಿದ್ದರೂ ಬಾಯಿ ಮಾತ್ರ ಸುಮ್ಮನಿರುವುದಲ್ಲ. ಉಳಿದ ನಾಲ್ವರು ನಕ್ಕರು. ಈ ಗಣಿಯೂರಿನಲ್ಲಿ ಆ ತಮಾಷೆ ಗೊತ್ತಿಲ್ಲದ ಮಗುವಿಲ್ಲ.

ವೆಂಡೆಲ್ ಟ್ಯಾಕೆಟ್ ಟೈಯನ್ನು ಕೈಯಲ್ಲೇ ಹಿಡಿದು ಏದುಸಿರು ಬಿಡುತ್ತ ಏರು ಹತ್ತಿ ಬಂದ. ವಯಸ್ಸು ಐವತ್ತೆಂಟು, ಕೆಂಟಕಿಯ ತನ್ನೂರಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ.

"ಚರ್ಚಿನ ದಾರಿ ತಪ್ಪಿಬಿಡ್ತು ಗಸ್ಟಿ."

"ತಪ್ಪೋದು ನಿನಗೇನು ಹೊಸದಾ?"

ವೆಂಡೆಲ್ ನಕ್ಕು ಹಿಡಿಕೆಗೆ ಕೈ ಹಾಕಿದ. ಹಿಂದೆ ನಿಂತಿದ್ದ ವೆರೋನಾ, ಎಮಿಲನ ಹೆಂಡತಿ, ಆ ನಗು ನೋಡಲಾಗದೆ ಮುಖ ತಿರುಗಿಸಿದಳು. ಹನ್ನೊಂದು ದಿನದ ಹಿಂದೆ ಆಸ್ಪತ್ರೆಯಲ್ಲಿ ಗಂಡ ಅವಳ ಕೈ ಹಿಡಿದು ಒಂದು ವಿಷಯ ಹೇಳಿದ್ದ. "ನನ್ನ ಮೇಲೆ ಮಣ್ಣು ಬೀಳೋದ್ರೊಳಗೆ ವೆಂಡೆಲ್‌ಗೆ ಹೇಳಿಬಿಡು. ನನ್ನ ಕೈಲಿ ಆಗ್ಲಿಲ್ಲ ವೆರೋನಾ." ಸಾಯುವವನ ಜೊತೆ ಯಾರು ವಾದ ಮಾಡುತ್ತಾರೆ? ಆಗಲಿ ಅಂದಿದ್ದಳು. ಈಗ ಕೇಳಿಕೊಂಡವನು ಆರಾಮಾಗಿ ಮಲಗಿದ್ದ, ಮಾತು ಕೊಟ್ಟವಳು ಅದನ್ನು ಹೊತ್ತುಕೊಂಡು ನಿಂತಿದ್ದಳು.

* * *

೧೯೬೧ರ ಸೆಪ್ಟೆಂಬರ್. ಬೇಸ್‌ಬಾಲಿನ ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿದ್ದ ತಂಡದ ಕೊನೆಯ ಪಂದ್ಯ. ಎಮಿಲನಿಗೆ ಇಪ್ಪತ್ತೊಂಬತ್ತು. ಹತ್ತು ವರ್ಷ ಕ್ಯಾಚರ್ ಆಗಿ ಬ್ಯಾಟುಗಾರರ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಮಂಡಿ ಸವೆಸಿದ್ದ. ಪಿಚರ್ ವೆಂಡೆಲನಿಗೆ ಇಪ್ಪತ್ತೊಂದು. ಇಬ್ಬರನ್ನೂ ನೋಡಲು ದೊಡ್ಡ ಲೀಗಿನವರು ಬಂದು ಕೂತಿದ್ದರು.

ಎಸೆಯುವವನು ಪಿಚರ್ ಆದರೂ ಏನನ್ನು ಎಸೆಯಬೇಕೆಂದು ಹೇಳುವವನು ಕ್ಯಾಚರ್. ತೊಡೆಗಳ ನಡುವೆ ಬೆರಳು ತೋರಿಸುತ್ತಾನೆ: ಒಂದು ಬೆರಳೆಂದರೆ ನೇರ ವೇಗದ ಚೆಂಡು, ಎರಡೆಂದರೆ ಬಾಗಿ ಬೀಳುವ ಚೆಂಡು. ಪಿಚರ್ ಬೆನ್ನ ಹಿಂದಿನ ಎರಡನೇ ಬೇಸಿನಲ್ಲಿ ಎದುರಾಳಿ ನಿಂತಿದ್ದರೆ ಅವನಿಗೂ ಸನ್ನೆ ಕಾಣುತ್ತದೆ. ಅದಕ್ಕೇ ಆಗ ಎರಡು ಸಲ ತೋರಿಸಬೇಕು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಅವನು ಅಲ್ಲಿಂದ ಕದಲಿದನೋ, ಮತ್ತೆ ಮೊದಲನೆಯದೇ ನಿಜ.

ಕೊನೆಯ ಸುತ್ತು, ಎರಡೂ ತಂಡ ಸಮ ಸಮ. ಎರಡನೇ ಬೇಸಿನಲ್ಲಿದ್ದವನು ಮೂರನೆಯದಕ್ಕೆ ಓಡಿ ಸೇರಿಕೊಂಡ. ಎಮಿಲನ ತಲೆಯಲ್ಲಿ ಮಾತ್ರ ಅವನಿನ್ನೂ ಎರಡನೆಯದರಲ್ಲೇ ನಿಂತಿದ್ದ. ಎಮಿಲ್ ಒಂದು ಬೆರಳು ತೋರಿಸಿದ, ಆಮೇಲೆ ಎರಡು, ಬಾಗುವ ಚೆಂಡಿಗಾಗಿ ಗವಸನ್ನು ನೆಲಕ್ಕೆ ತಾಗಿಸಿ ಕಾದ. ವೆಂಡೆಲ್ ಮೊದಲ ಸನ್ನೆ ಓದಿ ನೇರ ಎಸೆದ. ಚೆಂಡು ಎಮಿಲನ ಭುಜದ ಮೇಲೆ ಹಾರಿ ಹಿಂದಿನ ಬೇಲಿಗೆ ಬಡಿಯಿತು. ಮೂರನೇ ಬೇಸಿನವನು ಕುಣಿಯುತ್ತ ಬಂದು ಗೆಲುವಿನ ಓಟ ಮುಗಿಸಿದ.

ಚೆಂಡಿಗೆಂದು ಬೇಲಿಯ ಬುಡದಲ್ಲಿ ಬಗ್ಗಿದಾಗಲೇ ಎಮಿಲನಿಗೆ ಹೊಳೆಯಿತು.

ವೆಂಡೆಲ್ ಓಡಿ ಬಂದ. ಮುಖ ಸುಣ್ಣವಾಗಿತ್ತು. "ಎರಡನೇದು ನೋಡ್ಬೇಕಿತ್ತಾ ಎಮ್? ಮೊದಲ್ನೇದು ಅಂದ್ಕೊಂಡೆ. ನಾನೇ ತಪ್ಪು ಓದಿದ್ನಾ?"

ನನ್ನದೇ ತಪ್ಪು ಎಂಬ ಒಂದು ಮಾತು ಸಾಕಿತ್ತು, ಅದು ಬರಲಿಲ್ಲ. "ಹೋಗ್ಲಿ ಬಿಡು ಮರಿ, ಆಗುತ್ತೆ," ಎಂದು ಎಮಿಲ್ ಅವನ ಬೆನ್ನು ತಟ್ಟಿದ. ಎಂಥ ದೊಡ್ಡ ಮನಸ್ಸು ಎಂದು ಮರುದಿನ ಪತ್ರಿಕೆಯವರು ಹೊಗಳಿದರು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಎಮಿಲ್ ದೊಡ್ಡ ಲೀಗಿಗೆ ಹೋದ. ವೆಂಡೆಲ್ ಮುಂದಿನ ವಸಂತದಲ್ಲಿ ಪ್ರತಿ ಸನ್ನೆಯನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ, ಅನುಮಾನಿಸುತ್ತ ನಿಂತುಬಿಡುತ್ತಿದ್ದ. ಕೈ ಹಿಡಿತ ತಪ್ಪಿತು. ಜೂನ್ ಹೊತ್ತಿಗೆ ತಂಡ ಅವನನ್ನು ಮನೆಗೆ ಕಳಿಸಿತು.

* * *

ಪೂಜೆ ಮುಗಿದ ಮೇಲೆ ವೆರೋನಾ ವೆಂಡೆಲನನ್ನು ತನ್ನ ಕಾರಿನಲ್ಲೇ ಕೂರಿಸಿಕೊಂಡಳು. ಸ್ಮಶಾನಕ್ಕೆ ಹತ್ತು ನಿಮಿಷದ ದಾರಿ.

"ವೆಂಡೆಲ್, ನಿನ್ ಹತ್ರ ಒಂದು ಮಾತು..."

"ಗೊತ್ತು ವೆರೋನಾ, ನೀವೇನೂ ಹೇಳ್ಬೇಡಿ," ಎಂದ ಅವನು. "ಹೋದ ಜೂನಲ್ಲೂ ಕ್ಷಮೆ ಕೇಳ್ದೆ. ಹೋಗ್ಲಿ ಬಿಡು ಮರಿ ಅಂದ. ಅವನ ಜಾಗದಲ್ಲಿ ಇನ್ಯಾರೇ ಇದ್ದಿದ್ರೂ ನನ್ನ ಮುಖ ನೋಡ್ತಿರ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ. ಸಮಾಧಿಯ ಹತ್ತಿರ ಇನ್ನೊಮ್ಮೆ ಅವನ ತೋಳು ಮುಟ್ಟಿದಳು, ಅವನು ಅಳುತ್ತಿದ್ದ. ಪಾದ್ರಿ ಹಿಡಿ ಮಣ್ಣು ಹಾಕಿದರು, ಗಸ್ಟಿ ಹಾಕಿದ. ಅವಳೂ ಹಾಕಿದಳು. ಕೊಟ್ಟ ಮಾತು ಆ ಮಣ್ಣಿನ ಜೊತೆಗೇ ಕೆಳಗೆ ಹೋಯಿತು.

* * *

ದೊಡ್ಡ ಲೀಗಿನಲ್ಲಿ ಎಮಿಲ್ ಇದ್ದದ್ದು ನಾಲ್ಕು ವರ್ಷ. ಅದರಲ್ಲಿ ಮುಕ್ಕಾಲು ಪಾಲು ಬೆಂಚಿನ ಮೇಲೆ. ಆಮೇಲೆ ಊರಿಗೆ ಬಂದು ಶಾಲೆಯಲ್ಲಿ ಜವಾನನಾದ. ಭಾನುವಾರಗಳಲ್ಲಿ ಊರ ಹುಡುಗರ ಪಂದ್ಯಕ್ಕೆ ಅಂಕ ಬರೆಯುತ್ತಿದ್ದ. ಕ್ಯಾಚರ್ ಕೈಗೆ ಸಿಗದೆ ಚೆಂಡು ಹಿಂದೆ ಹೋದರೆ ಸಾಕು, ಅದು ಎಷ್ಟೇ ಕೆಟ್ಟ ಎಸೆತವಾಗಿರಲಿ, ತಪ್ಪು ಕ್ಯಾಚರ್ ಹೆಸರಿಗೇ. ಪಿಚರ್ ಹೆಸರಿಗೆ ಒಂದನ್ನೂ ಬರೆದವನಲ್ಲ. ತಾಯಂದಿರು ಜಗಳಕ್ಕೆ ಬಂದರೂ ಬದಲಿಸಲಿಲ್ಲ. "ಹವ್ರಿಲಾ ಮುದುಕನಿಗೆ ಕ್ಯಾಚರ್ ಕಂಡ್ರೆ ಆಗಲ್ಲ," ಎಂದು ಹುಡುಗರು ಬೈದುಕೊಳ್ಳುತ್ತಿದ್ದರು.

ಪ್ರತಿ ಜೂನಿನಲ್ಲೂ ವೆಂಡೆಲ್ ಬರುತ್ತಿದ್ದ. ಜಗಲಿಯಲ್ಲಿ ಬಿಯರ್ ಹಿಡಿದು ಎಲ್ಲರೆದುರು ಅದೇ ಮಾತು: "ಅವತ್ತಿನದು ನನ್ನ ತಪ್ಪು ಎಮ್." ಎಮಿಲನದೂ ಅದೇ ಉತ್ತರ. ನನ್ನ ಗಂಡ ಎಂಥ ದೊಡ್ಡವನು ಎಂದು ವೆರೋನಾ ಬೀಗುತ್ತ ವೆಂಡೆಲನಿಗೆ ಇನ್ನೊಂದು ತುಂಡು ಕೇಕು ಹಾಕುತ್ತಿದ್ದಳು. ಈಗ ಅದನ್ನು ನೆನೆದರೆ ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು. ಮಣ್ಣು ಮಾಡಿ ಬಂದ ದಿನವೇ ಗಂಡನ ಮೇಲೆ ಸಿಟ್ಟು.

* * *

ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊಟ. ಎಲೆಕೋಸು ಬೆರೆಸಿದ ಹಲುಷ್ಕಿ ಶಾವಿಗೆ, ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು, ಹ್ಯಾಮ್. ಎರಡು ಗ್ಲಾಸು ಇಳಿದ ಮೇಲೆ ಗಸ್ಟಿ ಎದ್ದು ನಿಂತ. ಅಣ್ಣನ ಕಥೆ ಹೇಳುತ್ತ ಹೇಳುತ್ತ ಅಲ್ಲಿಗೇ ಬಂದ.

"ಚೆಂಡು ನಮ್ಮಣ್ಣನ ತಲೆ ಮೇಲೆ ಹೋಯ್ತಾ? ನಮ್ಮಣ್ಣ ಬೈದ್ನಾ? ಇಲ್ಲ! ಬೆನ್ನು ತಟ್ಟಿದ! ಎಲ್ಲಿ ನಮ್ಮ ಅಪರಾಧಿ? ಎದ್ದೇಳಪ್ಪ!"

ವೆಂಡೆಲ್ ವರ್ಷ ವರ್ಷದ ರೂಢಿಯಂತೆ ಎದ್ದು ಕೈ ಎತ್ತಿದ. "ನಂದೇ ತಪ್ಪು," ಎಂದ. ಸಭಾಂಗಣವೆಲ್ಲ ನಕ್ಕಿತು.

"ಕೂತ್ಕೋ ವೆಂಡೆಲ್," ಎಂದಳು ವೆರೋನಾ. "ನಿನ್ನ ತಪ್ಪಲ್ಲ."

ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಮೂರನೇ ಬೇಸಿಗೆ ಓಡಿದವನು, ಒಂದು ಬೆರಳು, ಎರಡು ಬೆರಳು, ಮರೆತವನು ಯಾರು ಎಂಬುದು, ಆಸ್ಪತ್ರೆಯಲ್ಲಿ ಆಡಿದ್ದು, ಎಲ್ಲವನ್ನೂ ಹೇಳಿದಳು.

"ಇವತ್ತೇ ಹೇಳ್ಬೇಕಿತ್ತಾ ಅತ್ತಿಗೆ?" ಎಂದ ಗಸ್ಟಿ. "ಬೆಳಿಗ್ಗೆ ತಾನೇ ಮಣ್ಣು ಮಾಡಿದ್ದೀವಿ."

"ಮಣ್ಣಿಗಿಂತ ಮುಂಚೆ ಹೇಳ್ಬೇಕಿತ್ತು. ನಾನೂ ಹೇಡಿ ಆದೆ."

ವೆಂಡೆಲ್ ಇನ್ನೂ ನಿಂತೇ ಇದ್ದ. "ಅವತ್ತೇ ಗೊತ್ತಿತ್ತಾ ಅವನಿಗೆ?"

"ಚೆಂಡು ಎತ್ಕೊಳ್ಳೋಕೆ ಮುಂಚೆನೇ."

ಅವನು ನಿಧಾನವಾಗಿ ಕುರ್ಚಿಗೆ ಕುಸಿದ. "ಮೂರು ಸಲ ಕಣ್ಣು ಪರೀಕ್ಷೆ ಮಾಡಿಸ್ದೆ. ಕಣ್ಣು ಚೆನ್ನಾಗಿದೆ ಅಂದ್ರು ಡಾಕ್ಟ್ರು. ಹಾಗಾದ್ರೆ ತಲೇನೇ ಸರಿಯಿಲ್ಲ ಅಂದ್ಕೊಂಡೆ." ತಟ್ಟೆ ಪಕ್ಕಕ್ಕೆ ಸರಿಸಿದ. "ನನ್ ಮಗ ಡೇಲ್‌ದು ಒಳ್ಳೇ ತೋಳು ವೆರೋನಾ. ನನಗಿಂತ ಒಳ್ಳೇದು. ಹದಿನಾರು ವರ್ಷಕ್ಕೆ ಬಂದು, ಎಸೆಯೋದು ಕಲಿಸಪ್ಪಾ ಅಂದ. ಇದು ನಮ್ಮ ವಂಶಕ್ಕಲ್ಲ, ಕೊನೇ ಗಳಿಗೇಲಿ ನಮಗೆ ತಲೆ ಓಡಲ್ಲ ಅಂದೆ. ಕೈಯಿಂದ ಚೆಂಡು ಕಿತ್ಕೊಂಡೆ. ಆಮೇಲೆ ಅವನು ನನ್ ಹತ್ರ ಯಾವತ್ತೂ ಏನೂ ಕೇಳ್ಲಿಲ್ಲ."

ಗಸ್ಟಿ ಗ್ಲಾಸನ್ನು ಮೇಜಿನ ಮೇಲಿಟ್ಟ.

"ಇಲ್ಲಿ ಫೋನ್ ಇದೆಯಾ?" ಎಂದ ವೆಂಡೆಲ್.

ಅಡುಗೆಮನೆಯ ಗೋಡೆಯ ಮೇಲಿತ್ತು. ವೆರೋನಾ ಅವನನ್ನು ಒಳಗೆ ಕರೆದುಕೊಂಡು ಹೋದಳು. ಪಾತ್ರೆ ತೊಳೆಯುತ್ತಿದ್ದ ಹೆಂಗಸರು ನಲ್ಲಿ ನಿಲ್ಲಿಸಿದರು. ಆಚೆ ಕಡೆ ಮಗನಿರಲಿಲ್ಲ, ಸಂದೇಶ ಹಿಡಿದಿಡುವ ಯಂತ್ರವಿತ್ತು.

"ಡೇಲ್, ನಿಮ್ಮಪ್ಪ ಮಾತಾಡ್ತಿರೋದು. ನಾನು ಸರಿಯಾಗೇ ಓದಿದ್ದೆ ಕಣೋ. ಎರಡನೇ ಬೇಸಿನಲ್ಲಿ ಯಾರೂ ಇರ್ಲಿಲ್ಲ. ನಿನಗೆ ಹದಿನಾರಿದ್ದಾಗ ನಾನು ಹೇಳಿದ್ದಿದೆಯಲ್ಲ, ಅದು..."

ಯಂತ್ರ ಪೀಂ ಎಂದು ಮಾತು ಕತ್ತರಿಸಿತು. ಅವನು ಮತ್ತೆ ನಂಬರು ಒತ್ತಿದ. "ಡೇಲ್, ನಾನೇ. ಆ ವಂಶದ ಮಾತು..." ಮತ್ತೆ ಪೀಂ.

ಹೊರಗಿನಿಂದ ಗಸ್ಟಿ ಬಾಗಿಲು ತಳ್ಳಿದ. "ಅತ್ತಿಗೆ, ಕಾಫಿ ಎಲ್ಲಿ? ಪಾದ್ರಿ ಕಾಯ್ತಿದ್ದಾರೆ."

"ಇನ್ನೂ ಆಗಿಲ್ಲ," ಎಂದಳು ವೆರೋನಾ. ಅವಳ ಪಕ್ಕದಲ್ಲೇ ಕಾಫಿ ಕುದಿದು ಹಬೆಯಾಡುತ್ತಿತ್ತು. ಅವಳು ಬೆನ್ನನ್ನು ಬಾಗಿಲಿಗೆ ಕೊಟ್ಟು, ಶವಸಂಸ್ಕಾರದ ಕಪ್ಪು ಬೂಟುಗಳನ್ನು ನೆಲಕ್ಕೆ ಊರಿ ನಿಂತಳು. ವೆಂಡೆಲ್ ಮೂರನೆಯ ಸಲ ಒಂದೊಂದೇ ಅಂಕಿ ನೋಡಿ ಒತ್ತತೊಡಗಿದ.