ಹಾಸಿಟ್ಟ ಮ್ಯಾಟುಗಳು

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಆ ಹುಡುಗಿಯನ್ನು ಶಾಲೆಯೆಲ್ಲ ಬುಗುರಿ ಎಂದೇ ಕರೆಯುತ್ತಿತ್ತು. ಪಿ.ಟಿ. ಮೇಷ್ಟ್ರಾದ ನಾನು ಅವಳಿಗೊಂದು ಕೆಲಸ ಹಚ್ಚಿದ್ದೆ: ಬೆಳಿಗ್ಗೆ ಪಾಠಕ್ಕೆ ಮುಂಚೆ ಆಟದ ಕೋಣೆಯ ದಪ್ಪ ಮ್ಯಾಟುಗಳನ್ನು ಸುತ್ತಿ, ಎಳೆದು, ಮೂಲೆಗೆ ಒಟ್ಟಬೇಕು. ಬೈದರೆ ಆಗದ್ದು ಬೆವರಿದರೆ ಆಗುತ್ತಿತ್ತು. ಆಮೇಲೆ ತಣ್ಣಗೆ ಕೂತು ಪಾಠ ಕೇಳುತ್ತಿದ್ದಳು. ಅದಕ್ಕೇ ಸಂಜೆ ಮಕ್ಕಳು ಹೋದ ಮೇಲೆ ನಾನೇ ಅವನ್ನು ಮತ್ತೆ ಹಾಸಿಡುತ್ತಿದ್ದೆ.

ನಿನ್ನೆ ಸೊಂಟ ಹಿಡಿದುಕೊಂಡು, ಹಾಸದೆಯೇ ಮನೆಗೆ ಹೋದೆ. ಇಂದು ಬಂದು ನೋಡಿದರೆ, ಬುಗುರಿ ತಾನೇ ಎಲ್ಲವನ್ನೂ ಹಾಸಿಕೊಂಡು, ಮೊದಲಿನಿಂದ ಸುತ್ತುತ್ತಿದ್ದಳು.

"ದಿನಾ ಹಾಸ್ತಿದ್ದಿದ್ದು ನಾನು ಅಂತ ಗೊತ್ತಾಯ್ತಾ?" ಎಂದೆ, ಸಿಕ್ಕಿಬಿದ್ದ ಕಳ್ಳನ ಹಾಗೆ.

"ಯಾವಾಗ್ಲೋ ಗೊತ್ತು ಸರ್."

"ಮತ್ತೆ ಯಾಕೆ ಬಾಯಿಬಿಡಲಿಲ್ಲ?"

ಅವಳ ಕೈ ನಿಲ್ಲಲಿಲ್ಲ. "ಹೇಳಿದ್ರೆ ನೀವು ಹಾಸೋದು ಬಿಟ್ಬಿಡ್ತಿದ್ರಿ."