ಯಾರೂ ಕೇಳದ ವಿಗ್ ಚೀಟಿ

1840ರಲ್ಲಿ ನಮ್ಮ ವಿಗ್ ಪಕ್ಷ ಗೆದ್ದಾಗ ಓಹಾಯೊದ ನಮ್ಮ ಊರಲ್ಲಿ ಸೇಬಿನ ಮದ್ಯ ಪೀಪಾಯಿಗಟ್ಟಲೆ ಖರ್ಚಾಗಿತ್ತು. ಮೆರವಣಿಗೆಯ ಬಾವುಟ ಹೊಲಿದವಳು ನಾನು. ಅದರ ಮುಂದೆ ಹೆಗಲ ಮೇಲೆ ಕೈಹಾಕಿಕೊಂಡು ಕುಣಿದವರು ನನ್ನ ಗಂಡ ಜೋಥಮ್, ನನ್ನ ತಮ್ಮ ಲೆಮುವೆಲ್. ನಮ್ಮದು ಅಚ್ಚುಕೂಟ. ಚುನಾವಣೆಗೆ ಒಂದೊಂದು ಪಕ್ಷವೂ ತನ್ನವರ ಹೆಸರಿನ ಚೀಟಿ ಅಚ್ಚುಹಾಕಿಸಿ ಹಂಚುತ್ತದೆ, ಜನ ಅದನ್ನೇ ಪೆಟ್ಟಿಗೆಗೆ ಹಾಕುತ್ತಾರೆ. ವಿಗ್ ಚೀಟಿ ಅಚ್ಚಾಗುತ್ತಿದ್ದದ್ದು ನಮ್ಮಲ್ಲೇ.

1855ರಲ್ಲಿ ಚುನಾವಣೆಗೆ ಒಂದೇ ವಾರ ಉಳಿದಿದ್ದರೂ ಯಾರೂ ಚೀಟಿ ಕೇಳಲಿಲ್ಲ. ಗುಲಾಮಗಿರಿಯ ವಿಷಯಕ್ಕೆ ಪಕ್ಷ ಒಡೆದಿದೆಯೆಂಬ ಸುದ್ದಿಯನ್ನು ಜೋಥಮ್ ಅವರೇ ಅಚ್ಚುಹಾಕಿದ್ದರು. ಅದೆಲ್ಲ ರಾಜಧಾನಿಯ ಜಗಳ ಅಂದುಕೊಂಡಿದ್ದರು.

ಕೊನೆಗೆ ಪಕ್ಷದ ಹಳೆಯ ಕಾರ್ಯದರ್ಶಿ ಡಾಕ್ಟರ್ ವಿಕ್ ಬಂದರು. "ಐನೂರು ಚೀಟಿ ಜೋಥಮ್. ಮೇಲೆ 'ರಿಪಬ್ಲಿಕನ್' ಅಂತ ಹಾಕು."

"ವಿಗ್ ಅಂತ ಅಲ್ವಾ ಡಾಕ್ಟ್ರೇ?"

"ಅದೆಲ್ಲಿದೆ ಮಾರಾಯಾ? ಹೋಯ್ತಲ್ಲ!"

"ಯಾವಾಗ?"

ಡಾಕ್ಟರ್ ತಲೆ ಕೆರೆದುಕೊಂಡರು. "ಇಂಥ ದಿನ ಅಂತ ಹೇಳೋಕ್ಕಾಗಲ್ಲ. ಗುಲಾಮಗಿರಿ ಇನ್ನೂ ಹರಡದ ಹಾಗೆ ತಡೀಬೇಕು, ಅದಕ್ಕೇ ಹೊಸ ಪಕ್ಷ."

ಮರುದಿನ ಲೆಮುವೆಲ್ ಬಂದ. ಅವನು ಇನ್ನೊಂದು ಪಕ್ಷ ಸೇರಿದ್ದ. "ನಮ್ಮ ಚೀಟಿಗೆ 'ಅಮೆರಿಕನ್' ಅಂತ ಹಾಕಿ ಭಾವ. ಹೊರದೇಶದೋರ ಹಾವಳಿ ಜಾಸ್ತಿ ಆಗಿದೆ."

ಅಚ್ಚುಮೊಳೆ ಜೋಡಿಸುತ್ತಿದ್ದ ಜರ್ಮನಿಯ ಓಟ್ಮಾರ್ ಕೈ ನಿಲ್ಲಿಸಿದ.

"ಇವನೂ ಹಾವಳೀನಾ?" ಎಂದರು ಜೋಥಮ್.

"ಛೆ, ಓಟ್ಮಾರ್ ಒಳ್ಳೆಯವನು. ನಾ ಹೇಳಿದ್ದು ಮಿಕ್ಕೋರನ್ನ."

"ಮಿಕ್ಕೋರಲ್ಲಿ ಯಾರು ಗೊತ್ತು ನಿಂಗೆ?"

ಲೆಮುವೆಲ್ ಹೆಸರುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಅಂದು ಊಟಕ್ಕೆ ಕೂತಾಗ ಜೋಥಮ್ ಚಮಚ ಕೆಳಗಿಟ್ಟರು. "ಕೆಜೈಯಾ, ನಾನು ನಿಂತಲ್ಲೇ ನಿಂತಿದೀನಿ ಕಣೇ. ಪಕ್ಷ ಬಿಟ್ಟೋರು ಅವರಾ, ನಾನಾ?"

"ನಿಂತಲ್ಲೇ ನಿಂತ್ರೆ ಆಯ್ತಾ? ಓಟ್ಮಾರ್ ಮುಖ ನೋಡಿದ್ರೇನ್ರೀ?"

ನೋಡಿದ್ದರು ಅನ್ನಿಸುತ್ತದೆ. ಲೆಮುವೆಲ್‌ನ ಚೀಟಿ ಅಚ್ಚುಹಾಕುವುದಿಲ್ಲ ಎಂದು ಹೇಳಿಕಳಿಸಿದರು. ಡಾಕ್ಟರದ್ದು ಹಾಕಿಕೊಟ್ಟರು.

ಚುನಾವಣೆಯ ದಿನ ಜೋಥಮ್ ಡಾಕ್ಟರ ಚೀಟಿಯೊಂದನ್ನು ತೆಗೆದುಕೊಂಡು, ಮೇಲಿನ 'ರಿಪಬ್ಲಿಕನ್' ಹೊಡೆದುಹಾಕಿ, ಶಾಯಿಯಲ್ಲಿ 'ವಿಗ್' ಎಂದು ಬರೆದು, ಅದನ್ನೇ ಪೆಟ್ಟಿಗೆಗೆ ಹಾಕಿ ಬಂದರು.

"ಅಲ್ಲಾ, ಹಾಗಾದ್ರೆ ನಿಮ್ಮ ಓಟು ಯಾರಿಗೆ ಬಿತ್ತು?" ಎಂದೆ.

"ಹೆಸರುಗಳು ಅವರವು, ಪಕ್ಷ ನಮ್ಮದು. ಎಣಿಸೋರು ಏನ್ ಮಾಡ್ತಾರೋ."

ಡಾಕ್ಟರ ಕಡೆಯವರು ಗೆದ್ದರು. ನಮ್ಮ ಬಾಗಿಲ ಮುಂದೆ ಮೆರವಣಿಗೆ ಹೋಯಿತು, "ಬಾ ಜೋಥಮ್!" ಎಂದು ಕೂಗಿದರು. ಇವರು ಮೆಟ್ಟಿಲಿಳಿದರು, ಎರಡು ಹೆಜ್ಜೆ ಹೋದರು, ನಿಂತರು.

"ನಾವು ಗೆದ್ವೇನೇ?" ಎಂದು ನನ್ನತ್ತ ತಿರುಗಿ ಕೇಳಿದರು.

ನನಗೂ ತಿಳಿಯಲಿಲ್ಲ. ಓಟ್ಮಾರ್ ಮಾತ್ರ ಚಪ್ಪಾಳೆ ತಟ್ಟುತ್ತಿದ್ದ. ಲೆಮುವೆಲ್ ಆ ಚಳಿಗಾಲವಿಡೀ ನಮ್ಮ ಮನೆಗೆ ಬರಲಿಲ್ಲ.