ಮಿದುಳಿನ ಹದ

ಹನುಮಂತಪ್ಪ ಬುಟ್ಟಿಯ ಮೇಲಿನ ಟವೆಲ್ ತೆಗೆದ. ಆರು ಕೋಳಿಮರಿಗಳು ಅಂಗರಚನಾ ವಿಭಾಗದ ಮೇಜಿನ ತುಂಬ ಚಿಂವ್‌ಗುಟ್ಟುತ್ತ ಓಡಾಡತೊಡಗಿದವು.

"ಎಣಿಸ್ಕಳ್ರಿ ಡಾಕ್ಟ್ರಮ್ಮಾರೆ. ನೀವು ಸತ್ತ ಮೊಟ್ಟೆ ಅಂದ್ರಲ್ಲ, ಅವುಗಳ ಜೊತೀಗೇ ಅದೇ ಕೋಳಿ ಕೆಳಗಿದ್ದವು ಇವು. ಆರಕ್ಕಾರೂ ಎದ್ದಾವೆ."

ನಯನಾಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ದಾವಣಗೆರೆ ಜಿಲ್ಲೆಯಾದ ವರ್ಷ ಅವಳು ತಾನು ಪಾಠ ಹೇಳುವ ಮೆಡಿಕಲ್ ಕಾಲೇಜಿನಲ್ಲಿ ಯಾರೂ ಮಾಡದ ಕೆಲಸಕ್ಕೆ ಕೈ ಹಾಕಿದ್ದಳು. ಎಂಟು ದಿನ ಕಾವು ಕಂಡ ಮೊಟ್ಟೆಯೊಳಗಿಂದ ನರಕೋಶಗಳ ಗಂಟು ತೆಗೆದು, ಲೋಳೆಯಂಥ ಜೆಲ್‌ನಲ್ಲಿ ಹುದುಗಿಸಿ, ಅದರಿಂದ ನರದ ಎಳೆಗಳನ್ನು ಬೆಳೆಸುವುದು. ಹನ್ನೊಂದು ಸಲ ಹಾಕಿದರೂ ಒಂದೆಳೆಯೂ ಹೊರಡಲಿಲ್ಲ. ತನ್ನ ಕೈಯಲ್ಲಿ ತಪ್ಪಾಗುವುದುಂಟೇ? ಹನುಮಂತಪ್ಪ ಕೊಂಡಜ್ಜಿ ಊರಿನಿಂದ ತಂದುಕೊಡುವ ಮೊಟ್ಟೆಯೇ ಸರಿಯಿಲ್ಲವೆಂದು ತೀರ್ಮಾನಿಸಿ, ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು ಅವನನ್ನು ಬೈದಿದ್ದಳು. ಈಗ ವಿಭಾಗದ ಮುಖ್ಯಸ್ಥ ನಾಗಭೂಷಣ್ ಶನಿವಾರ ತಟ್ಟೆಗಳಿಗೆ ಕಾವು ಕೊಡುವ ಇನ್‌ಕ್ಯುಬೇಟರನ್ನು ಬೇರೆ ವಿಭಾಗಕ್ಕೆ ಕೊಡುವವರಿದ್ದರು. ಅದು ಹೋದರೆ ಅವಳ ಪ್ರಯೋಗವೂ ಅಲ್ಲಿಗೇ ಮುಗಿದಂತೆ.

ಹನುಮಂತಪ್ಪ ಎಸೆಯಲು ತೆಗೆದಿಟ್ಟಿದ್ದ ಒಂದು ತಟ್ಟೆಯ ಜೆಲ್ಲನ್ನು ಬೆರಳಿನಿಂದ ಒತ್ತಿ ನೋಡಿದ.

"ಇಷ್ಟು ಗಟ್ಟಿ ಯಾಕ್ರಿ?"

"ನರ ಬೆಳೆಯೋಕೆ ಮಿದುಳಿನ ಹದಾನೇ ಬೇಕು. ಮಿದುಳು ಇಷ್ಟೇ ಗಟ್ಟಿ ಇರ್ತದೆ," ಎಂದು ನಯನಾ ಜಾಡಿಯಲ್ಲಿದ್ದ ಮಿದುಳನ್ನು ತೋರಿಸಿದಳು. ಅದನ್ನು ಮುಟ್ಟಿ ನೋಡಿಯೇ ಜೆಲ್ಲಿನ ಹದ ಗೊತ್ತುಮಾಡಿದ್ದಳು.

"ಅದು ಔಷಧದಾಗೆ ನೆನೆಸಿಟ್ಟಿದ್ದಲ್ರಿ? ಕುರಿ ಕೊಯ್ದಾಗ ತಲೆ ಒಡೆದು ನೋಡ್ರಿ, ಬೆರಳಿಗೇ ಸಿಗಂಗಿಲ್ಲ ಅದು, ಜಾರ್ತೈತೆ. ನಿಮ್ಮ ಮನ್ಯಾಗೆ ಅದೆಲ್ಲ ಇಲ್ಲ ಬಿಡ್ರಿ, ನಿಮಗೆ ಹೆಂಗೆ ಗೊತ್ತಾಗ್ಬೇಕು!"

ನಯನಾ ಜಾಡಿಯತ್ತ ಮತ್ತೊಮ್ಮೆ ತಿರುಗಿ ನೋಡಿದಳು. ಏಳು ವರ್ಷ ಮಿದುಳಿನ ಪಾಠ ಹೇಳಿದ್ದಾಳೆ. ಹೇಳಿದ್ದೆಲ್ಲ ಫಾರ್ಮಲಿನ್‌ನಲ್ಲಿ ಬಿರುಸಾದ ಮಿದುಳು ಹಿಡಿದೇ. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯ ಮಗಳು, ಹಸಿ ಮಿದುಳನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ನಾಚಿಕೆಯಾಯಿತು, ಮರುಕ್ಷಣವೇ ನಗುವೂ ಬಂತು.

"ಎಂಟು ದಿನ ಕಾವು ಕಂಡ ಮೊಟ್ಟೆ ಎರಡು ತಂದೀನಿ. ಬ್ಯಾಡಂದ್ರೆ ವಾಪಸ್ ಒಯ್ತೀನಿ," ಎಂದು ಅವನು ಕಂಬಳಿಯ ಗಂಟು ಮುಂದಿಟ್ಟ.

"ಇಟ್ಟು ಹೋಗ್ರಿ. ಶನಿವಾರ ಬರ್ರಿ, ಮರೀಬ್ಯಾಡ್ರಿ."

ಅವಳು ಜೆಲ್ಲಿನ ಪುಡಿಯನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದಳು. ತಟ್ಟೆ ಓರೆ ಮಾಡಿದರೆ ಗಿಣ್ಣಿನಂತೆ ನಡುಗುವಷ್ಟು ಮೆತ್ತಗಾಯಿತು. ಪಕ್ಕದಲ್ಲಿ ಹಳೆಯ ಗಟ್ಟಿ ಜೆಲ್ಲಿನ ತಟ್ಟೆಯೂ ಇರಲಿ ಎಂದಿಟ್ಟಳು. ಎರಡಕ್ಕೂ ಒಂದೇ ಮೊಟ್ಟೆಯಿಂದ ತೆಗೆದ ಗಂಟು, ಅದೇ ಕಾವು.

ಶನಿವಾರ ಬೆಳಿಗ್ಗೆ ಗಟ್ಟಿ ತಟ್ಟೆಯಲ್ಲಿ ಗಂಟು ಇಟ್ಟ ಹಾಗೇ ಇತ್ತು. ಮೆತ್ತನೆಯದರಲ್ಲಿ ಗಂಟಿನ ಸುತ್ತಲೂ ಎಳೆಗಳು ಹೊರಟಿದ್ದವು, ಕೂದಲಿಗಿಂತ ಎಷ್ಟೋ ಪಾಲು ಸಣ್ಣವು, ನೂರಾರು. ಸಂತೋಷಕ್ಕೆ ಅವಳ ಕಣ್ಣು ತುಂಬಿ ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ.

"ಏನಮ್ಮ, ಖಾಲಿ ಮಾಡಿದ್ಯಾ?" ನಾಗಭೂಷಣ್ ಇಬ್ಬರು ಅಟೆಂಡರುಗಳೊಂದಿಗೆ ಬಂದರು. ಹಿಂದೆಯೇ ಬಂದ ಹನುಮಂತಪ್ಪ ಬಾಗಿಲಾಚೆ ಚಪ್ಪಲಿ ಬಿಡುತ್ತಿದ್ದ.

"ಬೆಳೆದಿದೆ ಸರ್. ಒಂದ್ನಿಮಿಷ, ಮೊದಲು ಇವರು ನೋಡ್ಲಿ." ನಯನಾ ಸ್ಟೂಲನ್ನು ಸೂಕ್ಷ್ಮದರ್ಶಕದ ಮುಂದೆ ಎಳೆದಳು. "ಕೂಡ್ರಿ ಹನುಮಂತಪ್ಪಾರೆ. ಅವತ್ತು ಎಲ್ಲರ ಮುಂದೆ ಹಂಗಂದಿದ್ದು ನನ್ನ ತಪ್ಪು."

ಅವನು ಸ್ಟೂಲಿನ ಅಂಚಿಗೆ ಕೂತು ಒಂದು ಕಣ್ಣು ಮುಚ್ಚಿ ಬಗ್ಗಿದ. ಅಟೆಂಡರುಗಳು ಸಾಹೇಬರ ಮುಖ ನೋಡಿದರು. ಅವನು ಮಾತ್ರ ತಲೆ ಎತ್ತಲಿಲ್ಲ. ನಾಗಭೂಷಣ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅವನ ಹಿಂದೆ ಸರದಿಯಲ್ಲಿ ನಿಂತರು.